300ಕ್ಕೂ 300ಕ್ಕೂ ಎಷ್ಟು ಅಂತರ!

ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಓದಿಗೆ ಕಂಪ್ಯೂಟರ್ ಬೇಕೇ ಬೇಕು. ಕೂಡಿಟ್ಟ ಹಣಕ್ಕೆ ಸೊಸೈಟಿ ಸಾಲವನ್ನೂ ಸೇರಿಸಿಕೊಂಡು ಅಪ್ಪ ಅಂಗಡಿಗೆ ಬರುತ್ತಾರೆ. ಅಂಗಡಿಯವರು ಎರಡು ಯಂತ್ರಗಳನ್ನು ತೋರಿಸುತ್ತಾರೆ. ಬೆಲೆ ಹೆಚ್ಚುಕಡಿಮೆ ಒಂದೇ. ಒಂದರ ಮೇಲೆ ದೊಡ್ಡ ಸಂಖ್ಯೆ, ಇನ್ನೊಂದರ ಮೇಲೆ ಸ್ವಲ್ಪ ಚಿಕ್ಕದು. ದೊಡ್ಡದನ್ನೇ ಕೊಂಡರೆ ಮೋಸವಿಲ್ಲ ಎಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ಕಂಪ್ಯೂಟರಿನ ಮಿದುಳು ಎನಿಸಿದ ಪ್ರೊಸೆಸರ್ ವಿಷಯದಲ್ಲಿ ಈ ಲೆಕ್ಕ ಎಷ್ಟೋ ಸಲ ತಲೆಕೆಳಗಾಗುತ್ತದೆ. 1998ರಲ್ಲಿ ಮಾರುಕಟ್ಟೆಗೆ ಬಂದ ಅಗ್ಗದ ಪ್ರೊಸೆಸರ್‌ಗಳ ಕಥೆ ಇದಕ್ಕೆ ಒಳ್ಳೆಯ ಪಾಠ.

ಡಬ್ಬಿ ಇಲ್ಲದ ಅಡುಗೆಮನೆ

ಆಗ ಇಂಟೆಲ್ ಕಂಪನಿಯ ಪೆಂಟಿಯಂ-2 ಪ್ರೊಸೆಸರ್ ಹೆಸರುವಾಸಿಯಾಗಿತ್ತು. ಆದರೆ ದುಬಾರಿ. ಕಡಿಮೆ ಬೆಲೆಯ ಕಂಪ್ಯೂಟರ್‌ಗಳ ಮಾರುಕಟ್ಟೆಯಲ್ಲಿ ಎ.ಎಂ.ಡಿ. ಕಂಪನಿ ಪೈಪೋಟಿ ಕೊಡುತ್ತಿತ್ತು. ಇದಕ್ಕೆ ಉತ್ತರವಾಗಿ ಇಂಟೆಲ್ 1998ರ ಏಪ್ರಿಲ್‌ನಲ್ಲಿ ಸೆಲೆರಾನ್ ಎಂಬ ಅಗ್ಗದ ಪ್ರೊಸೆಸರನ್ನು ಬಿಡುಗಡೆ ಮಾಡಿತು. ವೆಚ್ಚ ಇಳಿಸಲು ಅದು ಕೈಬಿಟ್ಟದ್ದು ಎರಡನೆಯ ಹಂತದ 'ಕ್ಯಾಶ್' ಸ್ಮರಣೆಯನ್ನು.

ಈ ಕ್ಯಾಶ್ ಎಂದರೇನು? ಅಡುಗೆಮನೆಯನ್ನು ನೆನಪಿಸಿಕೊಳ್ಳಿ. ದವಸಧಾನ್ಯವೆಲ್ಲ ಉಗ್ರಾಣದಲ್ಲಿರುತ್ತದೆ. ಆದರೆ ಒಗ್ಗರಣೆಗೆ ಬೇಕಾದ ಸಾಸಿವೆ, ಜೀರಿಗೆ ಒಲೆಯ ಪಕ್ಕದ ಡಬ್ಬಿಯಲ್ಲೇ ಇರುತ್ತವೆ. ಪ್ರತಿ ಚಿಟಿಕೆ ಸಾಸಿವೆಗೂ ಉಗ್ರಾಣಕ್ಕೆ ಓಡಬೇಕಾದರೆ ಕೈಚಳಕದ ಬಾಣಸಿಗನೂ ಸೋಲುತ್ತಾನೆ. ಕಂಪ್ಯೂಟರಿನ ಮುಖ್ಯ ಸ್ಮರಣೆ ಅಂದರೆ ರ್‍ಯಾಮ್, ಆ ಉಗ್ರಾಣವಿದ್ದಂತೆ. ಕ್ಯಾಶ್ ಎನ್ನುವುದು ಒಲೆ ಪಕ್ಕದ ಡಬ್ಬಿ. ಮೊದಲ ಸೆಲೆರಾನ್‌ನಲ್ಲಿ 32 ಕಿಲೋಬೈಟ್‌ನ ಪುಟ್ಟ ಒಳಡಬ್ಬಿ ಮಾತ್ರ ಇತ್ತು. ದೊಡ್ಡ ಡಬ್ಬಿಯೇ ಇರಲಿಲ್ಲ. ಅದೇ ವರ್ಷ 300 ಮೆಗಾಹರ್ಟ್ಸ್ ವೇಗದ ಸೆಲೆರಾನ್ ಬಂದಾಗಲೂ ಕೊರತೆ ಹಾಗೆಯೇ ಉಳಿಯಿತು. 300 ಮೆಗಾಹರ್ಟ್ಸ್ ಎಂದರೆ ಪ್ರೊಸೆಸರಿನ ಗಡಿಯಾರ ಸೆಕೆಂಡಿಗೆ 30 ಕೋಟಿ ಸಲ ಮಿಡಿಯುತ್ತದೆ ಎಂದರ್ಥ. ಆದರೆ ಎಷ್ಟೋ ಮಿಡಿತಗಳು ಉಗ್ರಾಣದ ದಾರಿ ಕಾಯುವುದರಲ್ಲೇ ವ್ಯರ್ಥವಾಗುತ್ತಿದ್ದವು. ಪರೀಕ್ಷಿಸಿದವರು ಮೂಗು ಮುರಿದರು.

'ಎ' ಅಕ್ಷರದ ಮಹಿಮೆ

ಇಂಟೆಲ್ ಬೇಗ ಎಚ್ಚೆತ್ತಿತು. 1998ರ ಆಗಸ್ಟ್‌ನಲ್ಲಿ ಸೆಲೆರಾನ್ 300ಎ ಬಂತು. ಮೆಗಾಹರ್ಟ್ಸ್ ಅದೇ 300. ಹಳೆಯದರಿಂದ ಬೇರೆಯಾಗಿ ಗುರುತಿಸಲೆಂದೇ 'ಎ' ಅಕ್ಷರ ಸೇರಿಸಲಾಗಿತ್ತು. ಒಳಗೆ ಮಾತ್ರ ಅಜಗಜಾಂತರ. ಇದರಲ್ಲಿ 128 ಕಿಲೋಬೈಟ್ ಕ್ಯಾಶನ್ನು ಚಿಪ್‌ನೊಳಗೇ ಸೇರಿಸಿದ್ದರು. ಹಳೆಯ ಚಿಪ್‌ನಲ್ಲಿ ಸುಮಾರು 75 ಲಕ್ಷ ಟ್ರಾನ್ಸಿಸ್ಟರ್‌ಗಳಿದ್ದರೆ ಇದರಲ್ಲಿ ಸುಮಾರು 1.9 ಕೋಟಿ. ದುಬಾರಿ ಪೆಂಟಿಯಂ-2ರಲ್ಲಿ 512 ಕಿಲೋಬೈಟ್ ಕ್ಯಾಶ್ ಇತ್ತಾದರೂ ಅದು ಪ್ರೊಸೆಸರಿನ ಅರ್ಧ ವೇಗದಲ್ಲಿ ನಡೆಯುತ್ತಿತ್ತು. 300ಎ ಚಿಪ್‌ನ ಡಬ್ಬಿ ಚಿಕ್ಕದು, ಆದರೆ ಪೂರ್ಣ ವೇಗದ್ದು. ಹೀಗಾಗಿ ಬಡವರ ಪ್ರೊಸೆಸರ್ ಅನೇಕ ಕೆಲಸಗಳಲ್ಲಿ ಸಿರಿವಂತರ ಪ್ರೊಸೆಸರಿಗೆ ಹೆಗಲೆಣೆಯಾಯಿತು.

ಎದುರಾಳಿಯ ಬಲಾಬಲ

ಎ.ಎಂ.ಡಿ.ಯ ಕೆ6-2 ಬಂದದ್ದು 1998ರ ಮೇ ತಿಂಗಳಲ್ಲಿ. ಕೆ6 ಸರಣಿಯ ಮೂಲ ವಿನ್ಯಾಸ ನೆಕ್ಸ್‌ಜೆನ್ ಎಂಬ ಸಣ್ಣ ಕಂಪನಿಯದು, ಅದನ್ನು ಎ.ಎಂ.ಡಿ. ಕೊಂಡುಕೊಂಡಿತ್ತು. ಇಂಟೆಲ್‌ನಲ್ಲಿ ಪೆಂಟಿಯಂ ನಿರ್ಮಾಣದ ಮುಂದಾಳಾಗಿದ್ದ ಪುಣೆ ಮೂಲದ ವಿನೋದ್ ಧಾಮ್ ನೆಕ್ಸ್‌ಜೆನ್ ಸೇರಿ, ಅಲ್ಲಿಂದ ಎ.ಎಂ.ಡಿ.ಗೆ ಬಂದು ಕೆ6 ಹೊರತರುವಲ್ಲಿ ಪ್ರಮುಖ ಪಾತ್ರ ವಹಿಸಿದ್ದರು ಎಂಬುದು ಭಾರತೀಯರಿಗೆ ಹೆಮ್ಮೆಯ ಸಂಗತಿ.

300 ಮೆಗಾಹರ್ಟ್ಸ್‌ನ ಕೆ6-2 ಚಿಪ್‌ನೊಳಗಿನ ಮೊದಲ ಹಂತದ ಕ್ಯಾಶ್ 64 ಕಿಲೋಬೈಟ್, ಅಂದರೆ ಸೆಲೆರಾನ್‌ನ ಎರಡರಷ್ಟು. ಎರಡನೆಯ ಹಂತದ ಕ್ಯಾಶ್ ಮಾತ್ರ ಹೊರಗೆ ಮದರ್‌ಬೋರ್ಡಿನ ಮೇಲಿತ್ತು. ಅದು ಗಾತ್ರದಲ್ಲಿ ದೊಡ್ಡದಾದರೂ ನಡೆಯುತ್ತಿದ್ದುದು 100 ಮೆಗಾಹರ್ಟ್ಸ್ ವೇಗದಲ್ಲಿ. ಪತ್ರ ಬರೆಯುವುದು, ಲೆಕ್ಕಪತ್ರ ಇಡುವುದು ಮುಂತಾದ ಪೂರ್ಣಾಂಕಗಳ ಕೆಲಸದಲ್ಲಿ ಕೆ6-2 ಚುರುಕಾಗಿತ್ತು. ಆದರೆ ದಶಮಾಂಶಗಳ ಲೆಕ್ಕ ಹೆಚ್ಚಿರುವ ಮೂರು ಆಯಾಮದ ಆಟಗಳು, ಎಂಜಿನಿಯರಿಂಗ್ ಗಣಿತ ಇವುಗಳಲ್ಲಿ ಹಿಂದೆ ಬೀಳುತ್ತಿತ್ತು. ಕಾರಣವಿಷ್ಟೆ: ಇಂಟೆಲ್ ಚಿಪ್ ಒಂದು ಲೆಕ್ಕ ಮುಗಿಯುವ ಮೊದಲೇ ಮುಂದಿನದನ್ನು ಕೈಗೆತ್ತಿಕೊಳ್ಳುತ್ತಿತ್ತು, ಕೆ6-2 ಒಂದು ಮುಗಿದ ಮೇಲೆ ಇನ್ನೊಂದು. ಈ ಕೊರತೆ ನೀಗಲು ಎ.ಎಂ.ಡಿ. 'ತ್ರೀಡಿ-ನೌ' ಎಂಬ 21 ಹೊಸ ಆದೇಶಗಳನ್ನು ಸೇರಿಸಿತು. ಆದರೆ ಅವನ್ನು ಬಳಸುವಂತೆ ಬರೆದ ತಂತ್ರಾಂಶಗಳಿಗಷ್ಟೇ ಅದರ ಲಾಭ.

ಕೆ6-2 ಪರವಾಗಿ ಇನ್ನೊಂದು ಮಾತಿತ್ತು. ಹಳೆಯ ಪೆಂಟಿಯಂ ಕೂರುತ್ತಿದ್ದ ಬಗೆಯ ಸಾಕೆಟ್ಟಿನಲ್ಲೇ ಅದು ಕೂರುತ್ತಿತ್ತು. ಮದರ್‌ಬೋರ್ಡ್ ತಕ್ಕ ವೋಲ್ಟೇಜ್ ಕೊಡುವಂತಿದ್ದರೆ ಪ್ರೊಸೆಸರ್ ಮಾತ್ರ ಬದಲಿಸಿ ಹಣ ಉಳಿಸಬಹುದಿತ್ತು. ಸೆಲೆರಾನ್‌ಗೆ ಬೇರೆಯೇ ಮದರ್‌ಬೋರ್ಡ್ ಬೇಕು. ಆದ್ದರಿಂದ ಹಳೆಯ ಯಂತ್ರವಿದ್ದ ಮನೆಗೆ ಕೆ6-2, ಹೊಸದಾಗಿ ಕೊಳ್ಳುವ, ಗಣಿತ ಮತ್ತು ಚಿತ್ರಗಳ ಕೆಲಸವಿರುವ ವಿದ್ಯಾರ್ಥಿಗೆ 300ಎ ಎಂಬುದು ಆಗಿನ ಮಟ್ಟಿಗೆ ಸರಿಯಾದ ತೀರ್ಪು. ಮೂರು ಚಿಪ್‌ಗಳ ಮೇಲೂ ಇದ್ದ ಸಂಖ್ಯೆ 300. ಕೆಲಸ ಮಾತ್ರ ಮೂರು ಬಗೆ.

ಇಂದಿಗೂ ಅದೇ ಪಾಠ

ಆ ಚಿಪ್‌ಗಳು ಈಗ ಮೂಲೆ ಸೇರಿವೆ. ಹಣೆಪಟ್ಟಿಯ ಮೋಹ ಮಾತ್ರ ಹೋಗಿಲ್ಲ. ಬಳಸಿದ ಕಂಪ್ಯೂಟರ್‌ಗಳ ಅಂಗಡಿಯಲ್ಲಿ 'ಐ-7' ಎಂಬ ಚೀಟಿ ಕಂಡರೆ ಪೋಷಕರ ಕಣ್ಣು ಅರಳುತ್ತದೆ. 2011ರ ಕೋರ್ ಐ-7 2600 ಚಿಪ್‌ನ ಮೂಲ ವೇಗ 3.4 ಗಿಗಾಹರ್ಟ್ಸ್, 2022ರ ಅಗ್ಗದ ಕೋರ್ ಐ-3 12100ರದು 3.3. ಎರಡರಲ್ಲೂ ನಾಲ್ಕೇ ಕೋರ್. ಹೆಸರಿನಲ್ಲೂ ಸಂಖ್ಯೆಯಲ್ಲೂ ಹಳೆಯದೇ ಮುಂದು. ಆದರೆ ಕೆಲಸದಲ್ಲಿ ಐ-3 ಬಹಳ ಮುಂದಿದೆ. ಒಂದೊಂದು ಮಿಡಿತದಲ್ಲಿ ಅದು ಮಾಡುವ ಕೆಲಸ ಹೆಚ್ಚು; ಕ್ಯಾಶ್ ಕೂಡ ದೊಡ್ಡದು. ಅಷ್ಟೇ ಅಲ್ಲ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಹಳೆಯ ಐ-7 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ನಾಲ್ಕು ವರ್ಷದ ಓದಿಗೆಂದು ಕೊಂಡ ಯಂತ್ರ ಮೊದಲ ದಿನದಿಂದಲೇ ಹಿಂದುಳಿದಂತಾಗುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ಇದರಲ್ಲಿ ಮಾಡುವ ಕೆಲಸವೇನು? ಅಂಗಡಿಯಲ್ಲಿ ಪ್ರೊಸೆಸರಿನ ಪೂರ್ಣ ಹೆಸರು, ಅದು ಬಂದ ವರ್ಷ, ಕೋರ್ ಎಷ್ಟು, ಕ್ಯಾಶ್ ಎಷ್ಟು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮಗಳು ಬಳಸಲಿರುವ ತಂತ್ರಾಂಶವನ್ನೇ ಅಲ್ಲಿ ನಡೆಸಿ ತೋರಿಸಲು ಹೇಳಿ. ಪ್ರೊಸೆಸರಿಗೆ ಸುರಿಯುವ ಹಣದಲ್ಲಿ ಒಂದಿಷ್ಟು ಉಳಿಸಿ ರ್‍ಯಾಮ್ ಹೆಚ್ಚಿಸಿಕೊಂಡರೆ ಎಷ್ಟೋ ಸಲ ಅದೇ ಲಾಭ. ಉಗ್ರಾಣವೇ ಇಕ್ಕಟ್ಟಾದರೆ ಬಾಣಸಿಗ ಏನು ಮಾಡಿಯಾನು?

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಕಂಪ್ಯೂಟರ್ ಅಂಗಡಿಗೂ ಸಲ್ಲುತ್ತದೆ. ಸಾಲ ಮಾಡಿ ತಂದ ಹಣ ಚೀಟಿಯ ಮೇಲಿನ ಸಂಖ್ಯೆಗೆ ಹೋಗದೆ ಮಗಳ ಓದಿಗೆ ಸಲ್ಲಬೇಕಾದರೆ ಅಷ್ಟು ವಿಚಾರಣೆ ಮಾಡಲೇಬೇಕು.