ನೋವು ಹೋಯಿತು, ಗಾಯ ಹೋಯಿತೆ?

2019ರ ಮಾರ್ಚ್ 11ರ ರಾತ್ರಿ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಸೆಮಿಫೈನಲ್‌ನ ಎರಡನೆಯ ಪಂದ್ಯ. ಗುವಾಹಟಿಯಲ್ಲಿ ನಡೆದ ಮೊದಲ ಪಂದ್ಯದಲ್ಲಿ ಬೆಂಗಳೂರು ಎಫ್‌ಸಿ ತಂಡ ನಾರ್ತ್‌ಈಸ್ಟ್ ಯುನೈಟೆಡ್ ಎದುರು 1-2ರಿಂದ ಸೋತು ಬಂದಿತ್ತು. 70 ನಿಮಿಷ ಕಳೆದರೂ ಗೋಲಿಲ್ಲ. 72ನೇ ನಿಮಿಷದಲ್ಲಿ ವೆನೆಜುವೆಲಾದ ಸ್ಟ್ರೈಕರ್ ಮಿಕು ಚೆಂಡನ್ನು ಬಲೆಗೆ ಸೇರಿಸಿದರು. ಪಶ್ಚಿಮದ ಸ್ಟ್ಯಾಂಡಿನಲ್ಲಿ ನೀಲಿ ಅಂಗಿ ತೊಟ್ಟು ನಿಂತೇ ಪಂದ್ಯ ನೋಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿಗಳ ಕೂಗು ಮುಗಿಲು ಮುಟ್ಟಿತು. ಕೊನೆಯ ಹೊತ್ತಿನಲ್ಲಿ ದಿಮಾಸ್ ದೆಲ್ಗಾದೊ, ಸುನಿಲ್ ಛೆಟ್ರಿ ಒಂದೊಂದು ಗೋಲು ಸೇರಿಸಿದ್ದರಿಂದ ಬೆಂಗಳೂರು 3-0ಯಿಂದ ಗೆದ್ದು ಫೈನಲ್ ತಲುಪಿತು.

ಆ ಗೋಲಿಗೆ ಒಂದು ಹಿನ್ನೆಲೆಯಿತ್ತು. ಹಿಂದಿನ ವರ್ಷದ ಲೀಗ್‌ನಲ್ಲಿ 15 ಗೋಲು ಹೊಡೆದಿದ್ದ ಮಿಕು ಈ ಬಾರಿ ಗಾಯಗೊಂಡು ಸೀಸನ್ನಿನ ನಡುವೆ ವಾರಗಟ್ಟಲೆ ಮೈದಾನದಿಂದ ದೂರ ಉಳಿದಿದ್ದರು. ಇಂಥ ಆಟಗಾರ ಮರಳಿದಾಗ ಅಭಿಮಾನಿಗಳಲ್ಲಿ ಯಾವ ವಾದ ಹುಟ್ಟುತ್ತದೆಂದು ತಿಳಿಯಬೇಕಾದರೆ ಪಂದ್ಯ ಮುಗಿದ ಮೇಲೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಮೆಟ್ರೊ ಹತ್ತಬೇಕು. ರಾಜಾಜಿನಗರದವರು ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸುತ್ತಾರೆ, ವಿಜಯನಗರದವರು ಕುಳಿತೇ ಇರುತ್ತಾರೆ. ಆಗಿನ್ನೂ ಮೈಸೂರು ರಸ್ತೆಗೇ ಮೆಟ್ರೊ ಕೊನೆ; ಕೆಂಗೇರಿಯವರು ಅಲ್ಲಿಂದ ಬಸ್ಸು ಹಿಡಿಯಬೇಕಿತ್ತು. ವಾದ ಮಾತ್ರ ಎಲ್ಲರದೂ ಒಂದೇ. ‘ನೋವಿಲ್ಲ ಅಂದಮೇಲೆ ಪೂರ್ತಿ ಆಡಿಸಬೇಕಪ್ಪಾ’ ಎಂದು ಒಬ್ಬ. ‘ಅರ್ಧ ಗಂಟೆ ಸಾಕು, ಮತ್ತೆ ಕಾಲು ಹಿಡಿದುಕೊಂಡರೆ ಯಾರಿಗೆ ನಷ್ಟ?’ ಎಂದು ಇನ್ನೊಬ್ಬ. ‘ಕೋಟಿಗಟ್ಟಲೆ ತಗೊಳ್ತಾರೆ, ಒಂದು ಮಂಡಿ ಸರಿಯಿಟ್ಟುಕೊಳ್ಳೋಕೆ ಆಗಲ್ವ?’ ಎನ್ನುವ ಮೂರನೆಯವನೂ ಇದ್ದೇ ಇರುತ್ತಾನೆ.

ಇವರಲ್ಲಿ ಯಾರು ಸರಿ? ಉತ್ತರ ಅಭಿಮಾನಕ್ಕೆ ಸಂಬಂಧಿಸಿದ್ದಲ್ಲ, ಜೀವಶಾಸ್ತ್ರಕ್ಕೆ ಸಂಬಂಧಿಸಿದ್ದು.

ಸ್ನಾಯು ಹರಿದಾಗ ಮೊದಲ ಕೆಲವು ದಿನ ಊತ ಮತ್ತು ಉರಿ. ಆಮೇಲೆ ಕೆಲವು ವಾರ ದೇಹ ಹರಿದ ಜಾಗಕ್ಕೆ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ತುಂಬುತ್ತದೆ. ಈ ಎಳೆಗಳು ಮೊದಲಿಗೆ ಅಡ್ಡಾದಿಡ್ಡಿಯಾಗಿರುತ್ತವೆ. ಅವು ಸ್ನಾಯು ಎಳೆಯುವ ದಿಕ್ಕಿಗೆ ಸಾಲುಗೂಡಿ ಗಟ್ಟಿಯಾಗುವುದು ಮೂರನೆಯ ಘಟ್ಟ. ಅದಕ್ಕೆ ತಿಂಗಳುಗಳೇ ಬೇಕು. ತೊಂದರೆ ಏನೆಂದರೆ, ನೋವು ಎರಡನೆಯ ಘಟ್ಟದಲ್ಲೇ ಬಹುಪಾಲು ಮಾಯವಾಗುತ್ತದೆ.

ಬಸವೇಶ್ವರನಗರದ ಯಾವುದೇ ಬೀದಿಯಲ್ಲಿ ಮನೆಗೆ ತಾರಸಿ ಹಾಕುವುದನ್ನು ನೋಡಿ. ಮೂರೇ ದಿನಕ್ಕೆ ಕಾಂಕ್ರೀಟು ಕಾಲಿಗೆ ಕಲ್ಲಿನಂತೆ ತಾಗುತ್ತದೆ. ಆದರೂ ಮೇಸ್ತ್ರಿ ಸೆಂಟ್ರಿಂಗ್ ಬಿಚ್ಚಲು ಬಿಡುವುದಿಲ್ಲ, ನೀರು ಕಟ್ಟಿಸಿ ಕಾಯುತ್ತಾನೆ. ಎಂಜಿನಿಯರುಗಳು ಕಾಂಕ್ರೀಟಿನ ಬಲವನ್ನು ಅಳೆಯುವುದು 28ನೇ ದಿನಕ್ಕೆ. ಸ್ನಾಯುವಿಗೂ ಇಂಥದೇ ಒಂದು ಪಂಚಾಂಗ ಇದೆ. ಒಂದು ವ್ಯತ್ಯಾಸ ಉಂಟು: ಕಾಂಕ್ರೀಟು ಸುಮ್ಮನೆ ಬಿಟ್ಟರೆ ಸಾಕು, ಸ್ನಾಯುವಿಗೆ ಅಳತೆಯ ಭಾರ ಬೀಳದಿದ್ದರೆ ಎಳೆಗಳು ಸಾಲುಗೂಡುವುದೇ ಇಲ್ಲ. ಹಾಗಾಗಿ ಪೂರ್ತಿ ಮಲಗಿಸುವುದೂ ತಪ್ಪು, ಪೂರ್ತಿ ಓಡಿಸುವುದೂ ತಪ್ಪು.

ಸ್ಟ್ರೈಕರ್‌ಗಳನ್ನು ಹೆಚ್ಚಾಗಿ ಕಾಡುವುದು ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು. ಇವು ಸೊಂಟದ ಕೀಲು ಮತ್ತು ಮಂಡಿ ಎರಡನ್ನೂ ದಾಟಿ ಹೋಗುತ್ತವೆ. ವೇಗವಾಗಿ ಓಡುವಾಗ ಮುಂಗಾಲು ನೆಲ ಮುಟ್ಟುವ ಮುನ್ನ ಮಂಡಿ ನೀಳವಾಗುತ್ತದಲ್ಲ, ಆ ಕ್ಷಣ ಈ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಕೂಡ ಹಾಕಬೇಕು. ರಕ್ಷಣಾ ಆಟಗಾರನನ್ನು ಹಿಂದೆ ಹಾಕಲು ನಿಂತಲ್ಲಿಂದಲೇ ಬಾಣದಂತೆ ಹಾರುವವನಿಗೆ ಇದು ಒಂದು ಪಂದ್ಯದಲ್ಲಿ ಎಷ್ಟು ಬಾರಿ ಬರುತ್ತದೋ ಲೆಕ್ಕ ಹಾಕಿ.

ಯುರೋಪಿನ ದೊಡ್ಡ ಕ್ಲಬ್ಬುಗಳ ಆಟಗಾರರನ್ನು ಸ್ವೀಡನ್ನಿನ ವೈದ್ಯ ಯಾನ್ ಎಕ್ಸ್‌ಟ್ರಾಂಡ್ ಮತ್ತು ಸಂಗಡಿಗರು 2001ರಿಂದ 2022ರವರೆಗೆ ಗಮನಿಸಿದರು. ಎಲ್ಲ ಗಾಯಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳ ಪಾಲು ಈ ಅವಧಿಯಲ್ಲಿ ಶೇ 12ರಿಂದ ಶೇ 24ಕ್ಕೆ ಏರಿತ್ತು. ಇವುಗಳಲ್ಲಿ ಶೇ 18ರಷ್ಟು ಮರುಕಳಿಸಿದ ಗಾಯಗಳು. ಮರುಕಳಿಸಿದವುಗಳಲ್ಲಿ ಮೂರನೇ ಎರಡರಷ್ಟಕ್ಕಿಂತ ಹೆಚ್ಚು ಆಟಗಾರ ಮೈದಾನಕ್ಕೆ ಮರಳಿದ ಎರಡೇ ತಿಂಗಳೊಳಗೆ ಆದಂಥವು. ಜಗತ್ತಿನ ಅತ್ಯುತ್ತಮ ವೈದ್ಯರು, ಯಂತ್ರಗಳು ಕೈಯಲ್ಲಿದ್ದೂ ಹೀಗೆ. ಮೆಟ್ರೊದ ಮೂರನೆಯವನ ಪ್ರಶ್ನೆಗೆ ಇದೇ ಉತ್ತರ.

ಬ್ರೆಜಿಲ್‌ನ ರೊನಾಲ್ಡೊ ಅವರ ಕಥೆ ಹಿರಿಯರಿಗೆ ನೆನಪಿರಬಹುದು. 1999ರ ನವೆಂಬರ್ 21ರಂದು ಇಟಲಿಯ ಇಂಟರ್ ಮಿಲಾನ್ ಪರ ಆಡುವಾಗ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಭಾಗಶಃ ಹರಿಯಿತು. ಶಸ್ತ್ರಚಿಕಿತ್ಸೆಯಾಗಿ ಐದು ತಿಂಗಳೂ ತುಂಬುವ ಮೊದಲೇ, 2000ದ ಏಪ್ರಿಲ್ 12ರಂದು, ಇಟಲಿ ಕಪ್ ಫೈನಲ್‌ಗೆ ರೋಮ್‌ನಲ್ಲಿ ಬದಲಿ ಆಟಗಾರನಾಗಿ ಇಳಿದರು. ಏಳು ನಿಮಿಷವೂ ಸರಿಯಾಗಿ ಕಳೆಯಲಿಲ್ಲ. ಯಾರೂ ಡಿಕ್ಕಿ ಹೊಡೆಯದೆಯೇ, ಚೆಂಡಿನೊಂದಿಗೆ ಓಡುವಾಗಲೇ ಅದೇ ರಜ್ಜು ಪೂರ್ತಿ ಹರಿದು ಮಂಡಿ ಹಿಡಿದುಕೊಂಡು ಕುಸಿದರು. ಎರಡನೆಯ ಬಾರಿ ಯಾರೂ ಅವಸರ ಮಾಡಲಿಲ್ಲ. 2002ರ ವಿಶ್ವಕಪ್‌ನಲ್ಲಿ ಅವರು ಹೊಡೆದದ್ದು ಎಂಟು ಗೋಲು. ಜರ್ಮನಿ ವಿರುದ್ಧದ ಫೈನಲ್‌ನ ಎರಡೂ ಅವರವೇ.

ಇಂಗ್ಲೆಂಡಿನ ಮೈಕೆಲ್ ಓವೆನ್ ಅಷ್ಟು ಅದೃಷ್ಟವಂತರಲ್ಲ. 18ರ ಹರೆಯದಲ್ಲಿ ಅರ್ಜೆಂಟೀನ ವಿರುದ್ಧ 1998ರ ವಿಶ್ವಕಪ್ ಗೋಲಿನಿಂದ ಹೆಸರಾದ ಈ ಹುಡುಗನಿಗೆ 1999ರ ಏಪ್ರಿಲ್‌ನಲ್ಲಿ ಹ್ಯಾಮ್‌ಸ್ಟ್ರಿಂಗ್ ಹರಿಯಿತು. 2001ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಬಂದರೂ, ಆ ಗಾಯದ ನಂತರ ತಾನು ಮೊದಲಿನವನಾಗಲೇ ಇಲ್ಲವೆಂದು ಮುಂದೆ ಅವರೇ ಹೇಳಿಕೊಂಡರು.

ನಮ್ಮ ಕೆ.ಎಲ್. ರಾಹುಲ್ ವಿಷಯಕ್ಕೆ ಬನ್ನಿ. ಆಟ ಬೇರೆ, ವಾದ ಅದೇ. 2023ರ ಮೇ 1ರಂದು ಲಖನೌದಲ್ಲಿ ಬೌಂಡರಿಯತ್ತ ಚೆಂಡಿನ ಹಿಂದೆ ಓಡುವಾಗ ತೊಡೆಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಾಯಿತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪುನಶ್ಚೇತನ ನಡೆಯಿತು. ಸೆಪ್ಟೆಂಬರ್‌ನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ 111 ಹೊಡೆದಾಗ ‘ಇನ್ನೂ ಫಿಟ್ ಇಲ್ಲ’ ಎಂದಿದ್ದವರು ಬಾಯಿ ಮುಚ್ಚಿದರು. 2024ರ ಜನವರಿಯಲ್ಲಿ ಹೈದರಾಬಾದ್ ಟೆಸ್ಟಿನಲ್ಲಿ 86 ಹೊಡೆದ ಬೆನ್ನಿಗೇ ತೊಡೆಯ ನೋವಿನಿಂದ ಸರಣಿಯ ಉಳಿದ ಪಂದ್ಯಗಳು ತಪ್ಪಿದಾಗ ಅವರೇ ಮತ್ತೆ ಬಾಯಿ ತೆರೆದರು.

ಹಾಗಾದರೆ ಮರಳುವ ದಿನವನ್ನು ನಿರ್ಧರಿಸುವುದು ಹೇಗೆ? ಇಂದಿನ ಕ್ರೀಡಾವೈದ್ಯರು ‘ನೋವಿದೆಯೆ?’ ಎಂದು ಕೇಳಿ ಸುಮ್ಮನಾಗುವುದಿಲ್ಲ. ಗಾಯಗೊಂಡ ಕಾಲಿನ ಬಲವನ್ನು ಇನ್ನೊಂದು ಕಾಲಿನೊಂದಿಗೆ ಹೋಲಿಸುತ್ತಾರೆ; ಶೇ 90ಕ್ಕಿಂತ ಕಡಿಮೆಯಿದ್ದರೆ ಕಾಯಿಸುತ್ತಾರೆ. ಒಂಟಿಗಾಲಲ್ಲಿ ಕುಪ್ಪಳಿಸಿ ಎಷ್ಟು ದೂರ ಹೋಗಬಲ್ಲನೆಂದು ಅಳೆಯುತ್ತಾರೆ. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದವರ ಬಗ್ಗೆ ನಾರ್ವೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವಂತೆ, ಶಸ್ತ್ರಚಿಕಿತ್ಸೆಯ ನಂತರ ಒಂಬತ್ತು ತಿಂಗಳವರೆಗೆ ಮರಳುವಿಕೆಯನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯಿತು.

ಶಾಲಾ ಮೈದಾನದ ಸ್ಟ್ರೈಕರ್‌ಗೆ ಮಾತ್ರ ಇಂಥ ಪರೀಕ್ಷೆ ಮಾಡುವವರಿಲ್ಲ. ಅಂತರಶಾಲಾ ಪಂದ್ಯ ಶನಿವಾರ ಇದ್ದರೆ ಶುಕ್ರವಾರ ಕುಂಟುವುದನ್ನು ಅವನು ಮನೆಯಲ್ಲಿ ಹೇಳುವುದೇ ಇಲ್ಲ. ಹೇಳಿದರೆ ಮನೆಯವರ ಉತ್ತರ ಎರಡೇ ಬಗೆ: ‘ಇಷ್ಟಕ್ಕೆಲ್ಲ ಯಾರು ಅಳ್ತಾರೆ?’ ಅಥವಾ ‘ಇನ್ನು ಆಟ ಬಂದ್, ಓದ್ಕೋ.’ ಎರಡನೆಯ ಉತ್ತರಕ್ಕೆ ಹೆದರಿಯೇ ಎಷ್ಟೋ ಮಕ್ಕಳು ನೋವು ಮುಚ್ಚಿಡುತ್ತವೆ.

ಹತ್ತರಿಂದ ಹದಿನೈದರ ವಯಸ್ಸಿನಲ್ಲಿ ಮೂಳೆ ಬೇಗ ಬೇಗ ಬೆಳೆಯುತ್ತದೆ. ತೊಡೆಯ ಮುಂಭಾಗದ ಸ್ನಾಯು ಮಂಡಿಯ ಕೆಳಗೆ ಮೊಣಕಾಲ ಮೂಳೆಗೆ ಅಂಟಿಕೊಂಡ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಜಿಗಿತ, ಓಟ, ಒದೆತದಿಂದ ಅದು ಮತ್ತೆ ಮತ್ತೆ ಎಳೆಯಲ್ಪಟ್ಟು ಉಬ್ಬುತ್ತದೆ. ಇದಕ್ಕೆ ಓಸ್‌ಗುಡ್-ಷ್ಲಾಟರ್ ಎಂದು ಹೆಸರು. ಗಡ್ಡೆಯೆಂದು ಗಾಬರಿಯಾಗಬೇಕಿಲ್ಲ, ಸೋಮಾರಿತನವೆಂದು ಬೈಯಲೂ ಬಾರದು. ಆಟದ ಪ್ರಮಾಣ ತಗ್ಗಿಸಿದರೆ, ಬೆಳವಣಿಗೆ ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ ತಾನೇ ಶಮನವಾಗುತ್ತದೆ. ಆದರೆ ರಾತ್ರಿ ನಿದ್ದೆ ಕೆಡಿಸುವ ನೋವು, ಕೀಲಿನ ಊತ, ಕೆಲವು ದಿನವಾದರೂ ನಿಲ್ಲದ ಕುಂಟು ಇದ್ದರೆ ಮೂಳೆ ವೈದ್ಯರಿಗೆ ತೋರಿಸಲೇಬೇಕು.

ತಡೆಯುವ ದಾರಿಗೆ ದುಡ್ಡು ಬೇಡ. ಫಿಫಾ ರೂಪಿಸಿದ ‘11+’ ಎಂಬ ಇಪ್ಪತ್ತು ನಿಮಿಷದ ಅಭ್ಯಾಸಕ್ಕೆ ಚೆಂಡೊಂದು, ಬಯಲೊಂದು ಸಾಕು. ಅದರಲ್ಲಿ ‘ನಾರ್ಡಿಕ್’ ಎಂಬುದೊಂದಿದೆ: ಹುಡುಗ ಮಂಡಿಯೂರಿ ನಿಲ್ಲುತ್ತಾನೆ, ಗೆಳೆಯ ಅವನ ಹರಡನ್ನು ಗಟ್ಟಿಯಾಗಿ ಹಿಡಿಯುತ್ತಾನೆ, ಅವನು ಬೆನ್ನು ನೆಟ್ಟಗಿಟ್ಟು ನಿಧಾನವಾಗಿ ಮುಂದಕ್ಕೆ ಬಾಗುತ್ತಾನೆ, ತಡೆಯಲಾಗದಾಗ ಕೈ ಊರುತ್ತಾನೆ. ಇದನ್ನು ಬಿಡದೆ ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳು ಅರ್ಧದಷ್ಟು ಕಡಿಮೆಯಾದದ್ದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಮೊದಲ ವಾರ ತೊಡೆ ನೋಯುತ್ತದೆ; ಮಕ್ಕಳು ಬಿಟ್ಟುಬಿಡುವುದೂ ಅಲ್ಲಿಯೇ.

ಅಂದಹಾಗೆ, 2019ರ ಆ ಫೈನಲ್ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾ ವಿರುದ್ಧ ನಡೆಯಿತು. 90 ನಿಮಿಷ ಕಳೆದರೂ ಗೋಲಿಲ್ಲದೆ ಹೆಚ್ಚುವರಿ ಸಮಯಕ್ಕೆ ಹೋಯಿತು. ಸ್ಟ್ರೈಕರ್‌ಗಳ ಮಂಡಿ, ತೊಡೆಗಳ ಬಗ್ಗೆ ವಾರವಿಡೀ ವಾದಿಸಿದ್ದವರ ಕಣ್ಣೆದುರೇ 117ನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದು ಬೆಂಗಳೂರಿಗೆ ಕಪ್ ತಂದುಕೊಟ್ಟವರು ರಕ್ಷಣಾ ಆಟಗಾರ ರಾಹುಲ್ ಭೇಕೆ.