ದ್ರಾಕ್ಷಿಯಷ್ಟು ಗುಳ್ಳೆ, ಎಂಟು ಮಿಲಿಮೀಟರಿನ ದಾರಿ

ಒಂದು ಕಿಲೋ ಮಣೂಕ, ಅಂದರೆ ಒಣದ್ರಾಕ್ಷಿ, ಆಗಲು ಸುಮಾರು 4 ಕಿಲೋ ಹಸಿದ್ರಾಕ್ಷಿ ಬೇಕು. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಸೀಮೆಯ ತೋಟದಿಂದ ಒಂದು ಟನ್ ಮಣೂಕ ಹೊರಟಿತೆಂದರೆ, 20 ಕಿಲೋ ಕ್ರೇಟಿನ ಲೆಕ್ಕದಲ್ಲಿ 200 ಕ್ರೇಟು ಹಣ್ಣು ಯಾರದೋ ನಡದ ಬಲದಿಂದ ಮೇಲೆದ್ದಿದೆ ಎಂದರ್ಥ.

ಆ ನಡ ತಡೆಯುವ ಭಾರವನ್ನು ಅಳೆದವರಿದ್ದಾರೆ. ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕಿನೊಳಗೇ ಒತ್ತಡಮಾಪಕ ಇಟ್ಟು ನೋಡಿ, 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಲಗಿದಾಗ 0.1 ಮೆಗಾಪಾಸ್ಕಲ್, ನಿಂತಾಗ 0.5. ಬೆನ್ನು ಬಗ್ಗಿಸಿ 20 ಕಿಲೋ ಎತ್ತಿದಾಗ 2.3! ಪ್ರತಿ ಚದರ ಸೆಂಟಿಮೀಟರಿನ ಮೇಲೆ 23 ಕಿಲೋ ಕೂತಂತೆ. ಅದೇ ಭಾರವನ್ನು ಮಂಡಿ ಮಡಚಿ ಎತ್ತಿದಾಗ 1.7ಕ್ಕೆ ಇಳಿಯಿತು. ಕ್ರೇಟು ಎತ್ತುವ ಪ್ರತಿಯೊಬ್ಬರಿಗೂ ಈ ಎರಡು ಅಂಕಿ ಗೊತ್ತಿರಬೇಕು.

ಇಷ್ಟು ತಾಳುವ ಬೆನ್ನನ್ನು ಮಲಗಿಸಲು ಒಂದು ಸಣ್ಣ ಗುಳ್ಳೆ ಸಾಕು. ಸೊಂಟದ ಕಶೇರುಗಳ ಹಿಂಬದಿಯ ಕೀಲು ಸವೆದಾಗ ಅದರ ಒಳಪೊರೆ ಉಬ್ಬಿ, ದ್ರವ ತುಂಬಿ ಸಿಸ್ಟ್ ಆಗುತ್ತದೆ. ಹೆಚ್ಚಾಗಿ ನಾಲ್ಕು ಮತ್ತು ಐದನೆಯ ಕಶೇರುಗಳ ನಡುವೆ. ನರಗಳು ಇಳಿಯುವ ಕಾಲುವೆ ಅಲ್ಲಿ ಮುಂದಿನಿಂದ ಹಿಂದಕ್ಕೆ ಬರೀ 15ರಿಂದ 25 ಮಿಲಿಮೀಟರ್. ಅದರೊಳಗೆ ಸಣ್ಣ ದ್ರಾಕ್ಷಿಯಷ್ಟು, 10 ಮಿಲಿಮೀಟರಿನ ಗುಳ್ಳೆ ಕೂತರೆ ನರ ಎಲ್ಲಿಗೆ ಸರಿಯಬೇಕು?

ಅಲ್ಲಿ ಸಿಕ್ಕಿಬೀಳುವ ನರದ ಒಂದೊಂದು ಎಳೆಯೂ ಒಂದೇ ಜೀವಕೋಶದ ಚಾಚು. ದಪ್ಪ 0.02 ಮಿಲಿಮೀಟರ್ ದಾಟದು, ಕೆಲವದರ ಉದ್ದ ಮಾತ್ರ ಕಾಲಿನ ಹೆಬ್ಬೆರಳಿನ ತನಕ, ಸುಮಾರು ಒಂದು ಮೀಟರ್! ಅದಕ್ಕೇ ಕಾಯಿಲೆ ಸೊಂಟದಲ್ಲಿದ್ದರೂ ರೋಗಿ "ಕಾಲು ಸೆಳೀತೈತ್ರಿ" ಎಂದು ಮೀನಖಂಡ ತೋರಿಸುವುದು, ಮನೆಯವರು ಕಾಲಿಗೆ ಎಣ್ಣೆ ತಿಕ್ಕುವುದು. ಎಕ್ಸ್‌ರೇಯಲ್ಲಿ ಗುಳ್ಳೆ ಕಾಣುವುದಿಲ್ಲ. ಎಂಆರ್‌ಐ ಸುಮಾರು 4 ಮಿಲಿಮೀಟರಿನ ಪದರಗಳಲ್ಲಿ ಚಿತ್ರ ತೆಗೆಯುವುದರಿಂದ, ಅಷ್ಟೂ ಚಿತ್ರಗಳಲ್ಲಿ ಅದು ಎರಡು-ಮೂರರಲ್ಲಿ ಮಾತ್ರ ಸಿಗಬಹುದು.

ಹಿಂದೆ ಇದನ್ನು ತೆಗೆಯಲು ಬೆನ್ನನ್ನು ಉದ್ದಕ್ಕೆ ಕೊಯ್ದು, ಸ್ನಾಯುವನ್ನು ಎಲುಬಿನಿಂದ ಬಿಡಿಸಬೇಕಿತ್ತು. 1997ರಲ್ಲಿ ಅಮೆರಿಕದ ಫೋಲಿ ಮತ್ತು ಸ್ಮಿತ್ ಡಿಸ್ಕ್ ಶಸ್ತ್ರಚಿಕಿತ್ಸೆಗೆ ಕೊಳವೆಯ ದಾರಿ ತೋರಿಸಿದರು: ಸ್ನಾಯುವಿನ ಎಳೆಗಳನ್ನು ಸರಿಸಿ, ಎರಡು ಸೆಂಟಿಮೀಟರಿಗೂ ಕಿರಿದಾದ ಕೊಳವೆ ಇಳಿಸುವುದು. ಗುಳ್ಳೆ ತೆಗೆಯಲು ಇಳಿಸುವ ಈಗಿನ ಎಂಡೋಸ್ಕೋಪ್ ಇನ್ನೂ ಸಣ್ಣದು, 7–8 ಮಿಲಿಮೀಟರ್. ಅದರೊಳಗೇ ದೀಪ, ಕ್ಯಾಮೆರಾ, ಉಪ್ಪುನೀರಿನ ಹರಿವು, ಉಪಕರಣ ಹೋಗುವ ದಾರಿ. ನನ್ನನ್ನು ಬೆರಗುಗೊಳಿಸುವುದು ಇದರ ಮುಂದಿನ ಹೆಜ್ಜೆ. ಗುಳ್ಳೆಯ ಗೋಡೆ ಎಷ್ಟೋ ಸಲ ನರಗಳ ಹೊರಪೊರೆಗೆ ಅಂಟಿರುತ್ತದೆ. ಆ ಪೊರೆಯ ದಪ್ಪ ಅರ್ಧ ಮಿಲಿಮೀಟರೂ ಇಲ್ಲ. ಅದು ಹರಿದರೆ ಒಳಗಿನ ದ್ರವ ಸೋರುತ್ತದೆ. ಪರದೆ ನೋಡುತ್ತ, ಬೆರಳು ಹೋಗದ ಆಳದಲ್ಲಿ, ವೈದ್ಯರು ಒಂದನ್ನು ಇನ್ನೊಂದರಿಂದ ಬಿಡಿಸುತ್ತಾರೆ.

ಎಲ್ಲರಿಗೂ ಇದು ಬೇಕಿಲ್ಲ. ಕೆಲವು ಗುಳ್ಳೆಗಳು ತಾವೇ ಕುಗ್ಗುತ್ತವೆ, ಕೆಲವರಿಗೆ ಔಷಧ, ಇಂಜೆಕ್ಷನ್ ಸಾಕಾಗುತ್ತದೆ. ಕಶೇರು ಜಾರಿದ್ದರೆ ಸಣ್ಣ ರಂಧ್ರವಷ್ಟೇ ಸಾಲದು, ಸ್ಕ್ರೂ ಹಾಕಿ ಬಿಗಿಯಬೇಕಾಗಬಹುದು. ಆದರೆ ಮೂತ್ರ ಕಟ್ಟಿತೋ, ಕೂರುವ ಜಾಗ ಜೋಮು ಹಿಡಿಯಿತೋ, ಪಾದ ಎತ್ತಲು ಬಾರದಾಯಿತೋ, ಆಗ ಲೆಕ್ಕ ಗಂಟೆಗಳದ್ದು. ಮೂತ್ರದ ನರ ಒತ್ತಿದ್ದರೆ 48 ಗಂಟೆಯೊಳಗೆ, ಆದಷ್ಟೂ ಬೇಗ, ಒತ್ತಡ ಬಿಡಿಸಬೇಕು. ತಿಕೋಟಾ, ಬಬಲೇಶ್ವರದಿಂದ ವಿಜಯಪುರ ಸುಮಾರು 20–25 ಕಿಲೋಮೀಟರ್. ದ್ರಾಕ್ಷಿ ಕಟಾವು ಮುಗಿಯಲಿ ಎಂದು ಕಾಯದೆ, ಅಂದೇ ಹೊರಡಿ.