ಇ-ಮೇಲ್ ಪತ್ರದೊಳಗಿನ ಚಿತ್ರ ಲಗತ್ತಾಗಿ ಕಾಣುವುದೇಕೆ? ಕಾರಣಗಳು ಮತ್ತು ಪರಿಹಾರ

ಬೆಂಗಳೂರು–ಚೆನ್ನೈ ರೈಲು ಮಾರ್ಗದ ಮೇಲಿರುವ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ವರ್ತಕರಿಗೂ ಇಂದು ದರಪಟ್ಟಿ, ಸರಕಿನ ಛಾಯಾಚಿತ್ರ, ಬಿಡಿಭಾಗದ ನಕ್ಷೆ ಮೊದಲಾದವನ್ನು ದೂರದ ಖರೀದಿದಾರರಿಗೆ ತಲುಪಿಸಲು ಇ-ಮೇಲ್ ಸುಲಭ ಸಾಧನವಾಗಿದೆ. ಆದರೆ ‘ಕೆಳಗಿನ ಚಿತ್ರದಲ್ಲಿರುವ ಅಳತೆಯಂತೆ’ ಎಂದು ಬರೆದ ಸಾಲಿನ ಕೆಳಗೆ ಏನೂ ಇಲ್ಲದೆ, ‘ಇಮೇಜ್001.ಪಿಎನ್‌ಜಿ’ ಎಂಬ ಹೆಸರಿನ ಲಗತ್ತೊಂದು ಮಾತ್ರ ಖರೀದಿದಾರರಿಗೆ ಕಾಣಿಸುವುದುಂಟು. ಅಪರಿಚಿತ ಲಗತ್ತುಗಳನ್ನು ತೆರೆಯಬಾರದೆಂಬ ನಿಯಮವಿರುವ ಕಚೇರಿಗಳಲ್ಲಿ ಅದನ್ನು ಯಾರೂ ನೋಡದೆಯೇ ಉಳಿಯಬಹುದು.

ಇದು ಕೇವಲ ಅಂದದ ಪ್ರಶ್ನೆಯಲ್ಲ. ವಿದ್ಯುನ್ಮಾನ ರೂಪದಲ್ಲಿ ಏರ್ಪಟ್ಟಿತೆಂಬ ಒಂದೇ ಕಾರಣಕ್ಕೆ ಕರಾರು ಜಾರಿಗೆ ಅನರ್ಹವಾಗದೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಹೇಳುತ್ತದೆ. ಈ ಕಲಂ 2008ರ ತಿದ್ದುಪಡಿಯಿಂದ ಸೇರಿತು. ಆದುದರಿಂದ ಅಳತೆ, ದರಗಳು ಖರೀದಿದಾರರ ಕಣ್ಣಿಗೆ ಬೀಳುವುದು ಮುಖ್ಯ.

ಮೂಲ ಕಾರಣ

ಇ-ಮೇಲ್ ಆರಂಭದಲ್ಲಿ ಅಕ್ಷರಗಳನ್ನಷ್ಟೇ ಒಯ್ಯುವ ವ್ಯವಸ್ಥೆಯಾಗಿತ್ತು. ಚಿತ್ರ, ಧ್ವನಿಗಳನ್ನು ಒಂದೇ ಪತ್ರದ ಬೇರೆ ಬೇರೆ ಭಾಗಗಳಾಗಿ ಕಳುಹಿಸುವ ‘ಮೈಮ್’ ನಿಯಮಗಳು 1990ರ ದಶಕದಲ್ಲಿ ರೂಪುಗೊಂಡವು. ಇವುಗಳ ಪ್ರಕಾರ ಚಿತ್ರವು ಸಾಲುಗಳ ನಡುವೆ ಕಾಣಬೇಕಾದರೆ ಮೂರು ಅಂಶಗಳು ಕೂಡಿಬರಬೇಕು: ಪತ್ರವು ಎಚ್‌ಟಿಎಂಎಲ್ ರೂಪದಲ್ಲಿರಬೇಕು, ಚಿತ್ರದ ಮೇಲೆ ‘ಲಗತ್ತು’ ಎಂಬ ಬದಲು ‘ಒಳಗೆ ತೋರಿಸತಕ್ಕದ್ದು’ ಎಂಬ ಸೂಚನೆಯಿರಬೇಕು, ಚಿತ್ರದ ಗುರುತು ಸಂಕೇತವಾದ ‘ಕಂಟೆಂಟ್-ಐಡಿ’ ಹಾಗೂ ಪತ್ರದ ಸಾಲಿನಲ್ಲಿರುವ ಉಲ್ಲೇಖ ಒಂದಕ್ಕೊಂದು ಹೊಂದಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಚಿತ್ರವು ಲಗತ್ತಾಗಿ ಕಾಣಬಹುದು.

ದೋಷ ಯಾರ ಕಡೆಯದು?

ಮೊದಲು ಅದೇ ಪತ್ರವನ್ನು ಬೇರೆ ಬೇರೆ ಸಂಸ್ಥೆಗಳ ಎರಡು ಇ-ಮೇಲ್ ವಿಳಾಸಗಳಿಗೆ ಕಳುಹಿಸಿ ನೋಡಬೇಕು. ಎರಡರಲ್ಲಿಯೂ ಚಿತ್ರ ಲಗತ್ತಾದರೆ ದೋಷ ಬಹುಮಟ್ಟಿಗೆ ಕಳುಹಿಸುವವರ ಕಡೆಯದು. ಎರಡರಲ್ಲಿಯೂ ಸರಿಯಿದ್ದು ಖರೀದಿದಾರರಲ್ಲಿ ಮಾತ್ರ ತಪ್ಪಿದರೆ, ಅವರ ತಂತ್ರಾಂಶವನ್ನೋ ನಡುವಿನ ಸರ್ವರನ್ನೋ ಪರಿಶೀಲಿಸಬೇಕಾಗುತ್ತದೆ.

ಕಳುಹಿಸುವವರು ಗಮನಿಸಬೇಕಾದುದು

1. ಔಟ್‌ಲುಕ್‌ನಲ್ಲಿ ಪತ್ರದ ರೂಪವನ್ನು ‘ಎಚ್‌ಟಿಎಂಎಲ್’ ಎಂದು ಆರಿಸಬೇಕು. ‘ಪ್ಲೇನ್ ಟೆಕ್ಸ್ಟ್’ನಲ್ಲಿ ಚಿತ್ರಕ್ಕೆ ಒಳಗೆ ಸ್ಥಳವಿಲ್ಲ. ‘ರಿಚ್ ಟೆಕ್ಸ್ಟ್’ ಆರಿಸಿದರೆ ಬೇರೆ ತಂತ್ರಾಂಶ ಬಳಸುವವರಿಗೆ ‘ವಿನ್‌ಮೇಲ್.ಡ್ಯಾಟ್’ ಎಂಬ ತೆರೆಯಲಾಗದ ಕಡತ ತಲುಪಬಹುದು.

2. ಖರೀದಿದಾರರು ಪ್ಲೇನ್ ಟೆಕ್ಸ್ಟ್‌ನಲ್ಲಿ ಬರೆದಿದ್ದರೆ ಔಟ್‌ಲುಕ್ ಉತ್ತರವನ್ನೂ ಸಾಮಾನ್ಯವಾಗಿ ಅದೇ ರೂಪದಲ್ಲಿ ತೆರೆಯುತ್ತದೆ. ಚಿತ್ರ ಸೇರಿಸುವ ಮುನ್ನ ರೂಪವನ್ನು ಬದಲಿಸಬೇಕು.

3. ಜಿಮೇಲ್‌ನಲ್ಲಿ ಕಾಗದದ ಕ್ಲಿಪ್ಪಿನ ಗುರುತು ಲಗತ್ತಿಗೆ, ಛಾಯಾಚಿತ್ರದ ಗುರುತು ಪತ್ರದೊಳಗಿನ ಚಿತ್ರಕ್ಕೆ. ಎರಡನೆಯದರಲ್ಲಿ ‘ಇನ್‌ಲೈನ್’ ಎಂಬುದನ್ನು ಆರಿಸಬೇಕು.

4. ಬಿಲ್ ತಯಾರಿಸುವ ತಂತ್ರಾಂಶದಿಂದ ತಾನಾಗಿ ಹೋಗುವ ಪತ್ರಗಳಲ್ಲಿ ದೋಷವಿದ್ದರೆ, ಚಿತ್ರದ ಗುರುತು ಸಂಕೇತ ಹಾಗೂ ಸೂಚನೆಗಳನ್ನು ತಂತ್ರಾಂಶ ಒದಗಿಸಿದವರಿಂದಲೇ ಸರಿಪಡಿಸಿಕೊಳ್ಳಬೇಕು. ಜಿಮೇಲ್‌ನ ‘ಶೋ ಒರಿಜಿನಲ್’ ಮೂಲಕ ಪತ್ರದ ಮೂಲ ರೂಪವನ್ನು ಅವರಿಗೆ ತೋರಿಸಬಹುದು.

ಪಡೆಯುವವರ ಕಡೆ

ಸುರಕ್ಷತೆಗಾಗಿ ಎಲ್ಲ ಪತ್ರಗಳನ್ನೂ ಪ್ಲೇನ್ ಟೆಕ್ಸ್ಟ್‌ನಲ್ಲಿಯೇ ಓದುವ ವ್ಯವಸ್ಥೆಯನ್ನು ಕೆಲವು ಕಚೇರಿಗಳು ಅಳವಡಿಸಿಕೊಂಡಿರುತ್ತವೆ. ಅಲ್ಲಿ ಸರಿಯಾಗಿ ಕಳುಹಿಸಿದ ಚಿತ್ರವೂ ಲಗತ್ತಾಗುತ್ತದೆ. ಕಳುಹಿಸಿದವರು ಅದನ್ನು ಬದಲಿಸಲಾರರು.

ಆದಕಾರಣ ದರ, ಪ್ರಮಾಣ, ಅಳತೆ ಹಾಗೂ ಷರತ್ತುಗಳನ್ನು ಚಿತ್ರದಲ್ಲಿ ಮಾತ್ರ ತೋರಿಸದೆ ಪತ್ರದ ಅಕ್ಷರಗಳಲ್ಲಿಯೇ ಬರೆಯುವುದು ಕ್ಷೇಮ. ನಕ್ಷೆಯನ್ನು ಸರಕಿನ ಹೆಸರು, ದಿನಾಂಕಗಳುಳ್ಳ ಪಿಡಿಎಫ್ ಕಡತವಾಗಿ ಲಗತ್ತಿಸಿ, ಅದರ ಹೆಸರನ್ನು ಪತ್ರದಲ್ಲಿ ಉಲ್ಲೇಖಿಸಬೇಕು. ಆಗ ಚಿತ್ರ ಎಲ್ಲಿ ಕಂಡರೂ ವ್ಯವಹಾರಕ್ಕೆ ಬಾಧೆಯುಂಟಾಗದು.